ನಕ್ಷೆಯ ಸೇತುವೆ

"ಸೇತುವೆ ಇದೆಯಲ್ಲಮ್ಮ," ಎಂದರು ಯೋಜನಾಧಿಕಾರಿ. ಸಭಾಂಗಣದ ಗೋಡೆಗೆ ಅಂಟಿಸಿದ್ದ ನಕ್ಷೆಯನ್ನು ಸ್ಕೇಲಿನ ತುದಿಯಿಂದ ಎರಡು ಸಲ ತಟ್ಟಿದರು. "ನೋಡಿ, ಇಲ್ಲಿ. ನಿಮ್ಮ ಬಡಾವಣೆಯಿಂದ ಹೊಳೆ ದಾಟಿದ್ರೆ ದೊಡ್ಡಾಸ್ಪತ್ರೆ. ಐದು ನಿಮಿಷದ ದಾರಿ. ಅಷ್ಟು ಹತ್ತಿರ ಎರಡೆರಡು ಆಸ್ಪತ್ರೆ ಇಡೋಕೆ ನಿಯಮ ಒಪ್ಪಲ್ಲ. ಅದಕ್ಕೇ ಹೊಸ ಯೋಜನೇಲಿ ನಿಮ್ಮ ಸಣ್ಣಾಸ್ಪತ್ರೆಯನ್ನ ಕೈಬಿಟ್ಟಿದೀವಿ."

ಸಿಸ್ಟರಕ್ಕನಿಗೆ ಮೈಯೆಲ್ಲ ಉರಿದುಹೋಯಿತು. ಹೊಳೆಯ ಈಚೆ ದಡದ ಆ ಎರಡು ಕೋಣೆಯ ಸಣ್ಣಾಸ್ಪತ್ರೆಯಲ್ಲಿ ಹದಿನೇಳು ವರ್ಷದಿಂದ ಗಾಯ ತೊಳೆದು, ಸೂಜಿ ಚುಚ್ಚಿ, ಹೆರಿಗೆ ನೋವೆದ್ದವರ ಕೈ ಹಿಡಿದು ಕೂತವಳು ಅವಳು. ಕೆಲಸದಲ್ಲಿ ಸಿಸ್ಟರ್, ಬಡಾವಣೆಗೆಲ್ಲ ಅಕ್ಕ. ಎರಡೂ ಸೇರಿ ಅದೇ ಹೆಸರಾಗಿ ಕೂತಿತ್ತು. ಹೊಳೆಯನ್ನು ಅವಳು ದಿನ ಬೆಳಗಾದರೆ ನೋಡುತ್ತಿದ್ದಳು. ಅದರ ಮೇಲೆ ಸೇತುವೆ ಹಾಗಿರಲಿ, ಬಟ್ಟೆ ಒಣಹಾಕುವ ಹಗ್ಗ ಕೂಡ ಇರಲಿಲ್ಲ.

"ಸಾರ್, ಅಲ್ಲಿ ಸೇತುವೆ ಇಲ್ಲ."

"ನಕ್ಷೆಯಲ್ಲಿ ಇದೆಯಲ್ಲ."

"ನಕ್ಷೇಲಿದೆ ಸಾರ್. ಹೊಳೇಲಿಲ್ಲ."

ಸಭೆಯಲ್ಲಿ ನಗು ಹಬ್ಬಿತು. ಅಧಿಕಾರಿ ನಗಲಿಲ್ಲ. ಅವರು ವರ್ಗವಾಗಿ ಬಂದು ಮೂರು ತಿಂಗಳೂ ಆಗಿರಲಿಲ್ಲ. ಜಿಲ್ಲೆಯ ಮುಂದಿನ ಇಪ್ಪತ್ತು ವರ್ಷದ ಸಮಗ್ರ ಯೋಜನೆಯನ್ನು ಜನರನ್ನು ಕೇಳಿಯೇ ಪರಿಷ್ಕರಿಸಬೇಕೆಂದು ಮೇಲಿನವರ ಆದೇಶ. ಕೇಳುವುದಕ್ಕೆಂದು ಬಾಗಿಲಲ್ಲಿ "ನಿಮ್ಮ ಊರು, ನಿಮ್ಮ ಮಾತು" ಎಂಬ ಬ್ಯಾನರ್ ಕಟ್ಟಿದ್ದರು, ಬಂದವರಿಗೆಲ್ಲ ಒಂದೊಂದು ಹಸಿರು ಕಾರ್ಡು ಕೊಟ್ಟಿದ್ದರು.

"ನಿಮ್ಮ ಅಭಿಪ್ರಾಯವನ್ನ ಕಾರ್ಡಿನಲ್ಲಿ ಬರೆದು ಡಬ್ಬಿಗೆ ಹಾಕಿ," ಎಂದರು.

"ಸೇತುವೆ ಇಲ್ಲ ಅನ್ನೋದು ನನ್ನ ಅಭಿಪ್ರಾಯ ಅಲ್ಲ ಸಾರ್!"

"ಅಂಗೈ ಹುಣ್ಣಿಗೆ ಕನ್ನಡಿ ಬೇಕಾ ಸ್ವಾಮಿ?" ಎಂದು ಹಿಂದಿನ ಸಾಲಿನಿಂದ ಊರಿಗೆಲ್ಲ ಮಾವನಾದ ಸೈಕಲ್ ಶಾಪಿನವ ದನಿ ಸೇರಿಸಿದ. ಬಡಾವಣೆಯಲ್ಲಿ ಯಾರು ಬಾಯಿ ಮುಚ್ಚಿದರೂ ಅವನದು ಮುಚ್ಚುವುದಿಲ್ಲ. ಅಧಿಕಾರಿಯ ಮುಖ ಕೆಂಪಾಯಿತು. ಶಿಸ್ತು ಇರಲಿ, ಮುಂದಿನವರು ಮಾತಾಡಲಿ ಎಂದರು. ಸಿಸ್ಟರಕ್ಕ ಕೂರಲಿಲ್ಲ. ರೋಗಿಗಳ ಗಂಡಂದಿರನ್ನು ಗದರಿಸಿ ಗದರಿಸಿ ಪಳಗಿದ ಗಂಟಲು ಅವಳದು.

"ಪ್ರತಿ ಬಡಾವಣೇಲೂ ಒಂದು ಸಭೆ ನಡೆಸ್ಬೇಕು ಅಂತ ನಿಮ್ಮ ಆದೇಶದಲ್ಲೇ ಇದೆ. ನಮ್ಮ ಸಭೆ ನಮ್ಮಲ್ಲೇ ಇಡಿ. ದೊಡ್ಡಾಸ್ಪತ್ರೆ ಹತ್ರ ಕಾರು ನಿಲ್ಸಿ, ನಿಮ್ಮ ಸೇತುವೆ ಮೇಲೆ ನಡ್ಕೊಂಡು ಬನ್ನಿ. ಐದೇ ನಿಮಿಷ ತಾನೆ?"

"ಬರ್ತೀನಿ," ಎಂದರು ಅಧಿಕಾರಿ, ಹಟಕ್ಕೆ ಬಿದ್ದವರಂತೆ. "ಬುಧವಾರ, ಹತ್ತು ಗಂಟೆಗೆ."

ಮನೆಗೆ ಬಂದವಳು ಚಪ್ಪಲಿ ಬಿಡುವ ಮೊದಲೇ ಬಯ್ಯಲು ಶುರುಮಾಡಿದಳು. ಅತ್ತೆ ಮಂಚದ ಮೇಲೆ ಕಾಲು ಚಾಚಿ ಕೂತಿದ್ದರು. ಸಕ್ಕರೆ ಕಾಯಿಲೆಯಿಂದ ಎದ್ದ ಹುಣ್ಣು ಎರಡು ವರ್ಷವಾದರೂ ಮಾಯದೆ ಅಂಗಾಲನ್ನು ತಿನ್ನುತ್ತಿತ್ತು. ದಿನ ಬಿಟ್ಟು ದಿನ ಸಣ್ಣಾಸ್ಪತ್ರೆಯ ಡಾಕ್ಟರು ನೋಡದಿದ್ದರೆ ಕಾಲೇ ಹೋಗುತ್ತದೆಂದು ಹೇಳಿಯಾಗಿತ್ತು. ಸಣ್ಣಾಸ್ಪತ್ರೆ ಮುಚ್ಚಿದರೆ ದೊಡ್ಡಾಸ್ಪತ್ರೆಗೆ ಹೆದ್ದಾರಿ ಸುತ್ತಿ ಹನ್ನೊಂದು ಕಿಲೋಮೀಟರು. ದಿನಕ್ಕೆರಡು ಬಸ್ಸು, ಅದರಲ್ಲೊಂದು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ.

"ಯಾವನೋ ಬುದ್ಧಿಗೇಡಿ ಇಲ್ಲದ ಸೇತುವೆ ಬರೆದಿದಾನೆ ಅತ್ತೆ! ಅವನ ಕೈ ಸೇದಿಹೋಗಾ!"

ಅತ್ತೆ ಚಾಚಿದ ಕಾಲನ್ನು ಹತ್ತಿರ ಎಳೆದುಕೊಂಡರು. ಆಮೇಲೆ, "ಆ ಸೇತುವೆ ನಂದು ಕಣೇ," ಎಂದರು.

"ಏನು?"

"ನಿಮ್ಮ ಮಾವ ತೀರ್ಕೊಂಡ ವರ್ಷ. ನೀನಿನ್ನೂ ಈ ಮನೆಗೆ ಬಂದಿರ್ಲಿಲ್ಲ. ಎದೆನೋವು ಅಂದ್ರು, ಆಗ ಈ ಸಣ್ಣಾಸ್ಪತ್ರೇನೂ ಇರ್ಲಿಲ್ಲ. ಟೆಂಪೋದಲ್ಲಿ ಹಾಕ್ಕೊಂಡು ಹೆದ್ದಾರಿ ಸುತ್ಕೊಂಡು ಹೊರಟ್ವಿ. ದೊಡ್ಡಾಸ್ಪತ್ರೆ ದೀಪ ಹೊಳೆ ಆಚೆ ಕಾಣ್ತಾನೇ ಇತ್ತು. ಅರ್ಧ ದಾರೀಲೇ ಮುಗೀತು. ಅದೇ ವರ್ಷ ಇದೇ ತರ ಸಭೆ ಮಾಡಿದ್ರು, ಇಪ್ಪತ್ತು ವರ್ಷಕ್ಕೆ ಏನು ಬೇಕು ಹೇಳಿ ಅಂತ. ನಾನು ಎದ್ದು ನಿಂತು ಕೇಳ್ದೆ. ನಾಲ್ಕು ಜನರ ಮುಂದೆ ಬಾಯಿ ಬಿಟ್ಟಿದ್ದು ಅದೊಂದೇ ಸಲ. ಅವನ್ಯಾರೋ ನನ್ನ ಕಣ್ಣೆದುರೇ ಪೆನ್ಸಿಲಲ್ಲಿ ಚುಕ್ಕೆ ಚುಕ್ಕೆ ಗೆರೆ ಹಾಕ್ದ. ಆಯ್ತಮ್ಮ, ಹಾಕಿದೀವಿ ಅಂದ. ಸೇತುವೆ ಆಗೋವರೆಗೂ ಇರ್ಲಿ ಅಂತ ಮೂರು ವರ್ಷದ ಮೇಲೆ ನಿನ್ನ ಸಣ್ಣಾಸ್ಪತ್ರೆ ಬಂತು."

ಸಿಸ್ಟರಕ್ಕ ಗೋಡೆಗೆ ಒರಗಿ ನಿಂತುಬಿಟ್ಟಳು. ಕೇಳಿದ್ದನ್ನು ಕಟ್ಟಲಿಲ್ಲ, ಸರಿ. ಸರ್ಕಾರದ ಬಾಯಿ ಮಾತು ಅಂದಮೇಲೆ ಅಷ್ಟೇ. ಆದರೆ ಕೇಳಿದ್ದನ್ನೇ ಇಟ್ಟುಕೊಂಡು ಇರುವುದನ್ನೂ ಕಿತ್ತುಕೊಳ್ಳುವುದೇ? "ನೀವು ಕೊಟ್ಟ ಕೋಲಲ್ಲೇ ನಿಮಗೆ ಬಡೀತಿದಾರಲ್ಲ ಅತ್ತೆ," ಎಂದಳು. ಅಂದು ಅವಳಿಗೆ ಊಟ ಸೇರಲಿಲ್ಲ.

ಬುಧವಾರ ಹತ್ತು ಗಂಟೆಗೆ ಬಡಾವಣೆ ಪೂರ್ತಿ ದಡದಲ್ಲಿತ್ತು. ಸಣ್ಣಾಸ್ಪತ್ರೆಯ ಬೆಂಚು, ಮನೆ ಮನೆಯ ಕುರ್ಚಿ ಎಲ್ಲ ತಂದು ಹೊಳೆಗೆ ಮುಖ ಮಾಡಿ ಹಾಕಿದ್ದರು. ಅತ್ತೆ ತಾನೂ ಬರುತ್ತೇನೆಂದು ಹಟ ಹಿಡಿದರು. ಸೈಕಲ್ ಶಾಪಿನ ಮಾವ ಇನ್ನೊಬ್ಬನನ್ನು ಕರೆದು ಕುರ್ಚಿ ಸಮೇತ ಎತ್ತಿಕೊಂಡು ಬಂದು ಮುಂದಿನ ಸಾಲಿನಲ್ಲಿ ಕೂರಿಸಿದ. ಹತ್ತೂಕಾಲಿಗೆ ಆಚೆ ದಡದಲ್ಲಿ ಬಿಳಿ ಕಾರು ಬಂದು ನಿಂತಿತು. ಅಧಿಕಾರಿ ಇಳಿದರು. ಮೇಲೆ ನೋಡಿದರು, ಕೆಳಗೆ ನೋಡಿದರು. ನೀರು ನೋಡಿದರು. ಸಿಸ್ಟರಕ್ಕನ ಫೋನು ಹೊಡೆದುಕೊಂಡಿತು. ಎಲ್ಲರಿಗೂ ಕೇಳಲೆಂದು ಅವಳು ಸ್ಪೀಕರ್ ಹಾಕಿದಳು.

"ಎಲ್ರೀ ಸೇತುವೆ?"

"ಅದರ ಬುಡದಲ್ಲೇ ನಿಂತಿದೀರಲ್ಲ ಸಾರ್. ಬನ್ನಿ, ನಿಮಗೂ ಒಂದು ಕುರ್ಚಿ ಹಾಕಿದೀವಿ."

"ಕಂಬಿ ಹಿಡ್ಕೊಂಡು ಬನ್ನಿ ಸಾರ್, ಹುಷಾರು!" ಎಂದು ಸೈಕಲ್ ಶಾಪಿನ ಮಾವ ಕೂಗಿದ. ದಡವೆಲ್ಲ ಬಿದ್ದು ಬಿದ್ದು ನಕ್ಕಿತು. ಸಿಸ್ಟರಕ್ಕನೂ ನಕ್ಕಳು. ಗೆದ್ದೆವು ಅಂದುಕೊಂಡಳು, ಪಾಪ.

ಫೋನಿನಲ್ಲಿ ಅಧಿಕಾರಿಯ ದನಿ ತಗ್ಗಿತು. "ತಪ್ಪಾಗಿದೆ, ಒಪ್ಪಿಕೊಳ್ತೀನಿ. ಹಳೇ ಯೋಜನೇಲಿ ಚುಕ್ಕೆ ಗೆರೆ ಇದ್ದಿರ್ಬೇಕು, ನಕಲು ಮಾಡೋವಾಗ ಯಾರೋ ಚುಕ್ಕೆ ಕೂಡಿಸಿ ಪೂರ್ತಿ ಗೆರೆ ಎಳೆದುಬಿಟ್ಟಿದಾರೆ. ಅದನ್ನ ಮತ್ತೆ ಚುಕ್ಕೆ ಮಾಡಿಸ್ತೀನಿ. ಮುಂದೆ ಕಟ್ಟೋ ಸೇತುವೆ ಅಂತ."

"ಹಾಗಾದ್ರೆ ಸಣ್ಣಾಸ್ಪತ್ರೆ ಉಳೀತು."

"ಇಲ್ಲಮ್ಮ. ಇದು ಇಪ್ಪತ್ತು ವರ್ಷದ ಯೋಜನೆ. ಚುಕ್ಕೆ ಇದ್ರೂ ಸೇತುವೆ ಬರುತ್ತೆ ಅಂತಾನೇ ಅರ್ಥ. ಗೆರೆ ಪೂರ್ತಿ ತೆಗೆದ್ರೆ ಮಾತ್ರ ಆಸ್ಪತ್ರೆ ಉಳಿಯುತ್ತೆ. ಎರಡ್ರಲ್ಲಿ ಒಂದು."

ನಗು ನಿಂತುಹೋಯಿತು. ಸಿಸ್ಟರಕ್ಕ ಫೋನನ್ನು ಬೆಂಚಿನ ಮೇಲೆ ಕುಕ್ಕಿ ನೀರಿನ ಅಂಚಿಗೆ ಹೋಗಿ ನಿಂತು ಗಂಟಲು ಹರಿಯುವಂತೆ ಕೂಗಿದಳು.

"ಎರಡ್ರಲ್ಲಿ ಒಂದು ಅನ್ನೋಕೆ ನೀವು ಎರಡು ಯಾವಾಗ ಕೊಟ್ರಿ ಸಾರ್? ಕೊಟ್ಟಿರೋದೇ ಒಂದು! ಇರೋದನ್ನ ಬಿಡ್ತೀರಾ, ಇಲ್ಲದ್ದನ್ನ ಬಿಡ್ತೀರಾ ಅಂತ ನಮ್ಮನ್ನ ಕೇಳ್ತೀರಲ್ಲ, ನಾಚಿಕೆ ಆಗಲ್ವಾ ನಿಮಗೆ? ಇದಕ್ಕಾ ಬ್ಯಾನರ್ ಕಟ್ಟಿದ್ದು? ಇದಕ್ಕಾ ನಮ್ಮನ್ನ ಕರೆದಿದ್ದು?"

ಅವಳಿಗೆ ಅಳು ಬರುತ್ತಿತ್ತು, ಅಳು ಬಂತೆಂದು ಇನ್ನಷ್ಟು ಸಿಟ್ಟು ಬಂತು. ಬೆಂಚಿನ ಮೇಲಿದ್ದ ಫೋನು ತನ್ನ ಪಾಡಿಗೆ ಮಾತಾಡುತ್ತಿತ್ತು. "ತೆಗೀಬೇಕಾದ್ರೆ ಕಾರಣ ದಾಖಲಾಗ್ಬೇಕು. ಹಳೇ ಕಡತದಲ್ಲಿ ಇದು ನಿವಾಸಿಗಳ ಬೇಡಿಕೆ ಅಂತಿದೆ. ನಿವಾಸಿಗಳೇ ಬೇಡ ಅಂದ್ರೆ ಈಗಲೇ ತೆಗೀತೀನಿ. ಯಾರು ಹೇಳ್ತೀರಿ?"

ಸೈಕಲ್ ಶಾಪಿನ ಮಾವ ತಲೆ ತಗ್ಗಿಸಿ ಮರಳು ಕೆದಕುತ್ತಿದ್ದ. ಆ ದಡದಲ್ಲಿ ಕೂತ ಒಂದೊಂದು ಮನೆಗೂ ಹೆದ್ದಾರಿ ಸುತ್ತಿದ ಒಂದೊಂದು ನೆನಪಿತ್ತು. ಬರುತ್ತದೋ ಇಲ್ಲವೋ, ಸೇತುವೆ ಬೇಡವೆಂದು ಬಾಯಿಬಿಟ್ಟು ಹೇಳಲು ಯಾರಿಗೂ ನಾಲಗೆ ಏಳಲಿಲ್ಲ.

"ಫೋನ್ ಇಲ್ಲಿ ಕೊಡೇ," ಎಂದರು ಅತ್ತೆ.

"ಬೇಡ ಅತ್ತೆ, ನಾನೇ—"

"ಕೊಡು ಅಂದ್ನಲ್ಲ." ಫೋನನ್ನು ಎರಡೂ ಕೈಯಲ್ಲಿ ಹಿಡಿದು ಬಾಯಿಯ ಹತ್ತಿರ ತಂದುಕೊಂಡರು. "ಬರ್ಕೊಳ್ಳಪ್ಪ. ಆ ಸೇತುವೆ ಕೇಳಿದವಳು ನಾನು. ನನ್ನ ಗಂಡ ಸತ್ತಿದ್ದಕ್ಕೆ ಕೇಳಿದ್ದೆ. ಈಗ ಬೇಡ. ತೆಗೆದುಬಿಡು."

"ಕಾರಣ ಏನಂತ ಬರೀಲಮ್ಮ?"

"ನೀವು ಕಟ್ಟಲ್ಲ. ಅದೇ ಕಾರಣ."

"ಹಾಗೆ ಬರೆಯೋಕಾಗಲ್ಲ..."

"ಹಾಗೇ ಬರಿ!" ಎಂದು ಅತ್ತೆ ಚೀರಿದರು. ಹತ್ತೊಂಬತ್ತು ವರ್ಷ ಒಂದೇ ಸೂರಿನಡಿ ಬಾಳಿದ ಸೊಸೆ ಆ ದನಿಯನ್ನು ಒಮ್ಮೆಯೂ ಕೇಳಿರಲಿಲ್ಲ. "ಒಂದು ಅಕ್ಷರ ಬದಲಾಯಿಸ್ದೆ ಹಾಗೇ ಬರಿ! ಬರೆದು ನನಗೆ ಓದಿ ಹೇಳು!"

ಆಚೆ ದಡದಲ್ಲಿ ಅಧಿಕಾರಿ ಪೆನ್ನು ತೆಗೆದರು. ಆಮೇಲೆ ಕಾರಿನ ಬಾನೆಟ್ಟಿನ ಮೇಲೆ ಕಾಗದ ಇಟ್ಟು ಬರೆದರು, ಬರೆದದ್ದನ್ನು ಓದಿದರು. ಓದುವಾಗ ದನಿ ಕೊಂಚ ತಡವರಿಸಿತು, ಆದರೆ ಅತ್ತೆ ಹೇಳಿದ್ದು ಹೇಳಿದಂತೆಯೇ ಇತ್ತು. ಡ್ರೈವರು ನಕ್ಷೆ ಬಿಡಿಸಿ ಗಾಳಿಗೆ ಹಾರದಂತೆ ಎರಡು ಮೂಲೆ ಒತ್ತಿಹಿಡಿದ. ಅಧಿಕಾರಿ ಅದರ ಮೇಲೆ ಬಗ್ಗಿದರು.

ಅತ್ತೆಗೆ ದೂರದ್ದು ಮಸುಕು. "ಏನ್ಮಾಡ್ತಿದಾನೆ?" ಎಂದು ಕೇಳಿದರು.

"ಗೆರೆ ಅಳಿಸ್ತಿದಾರೆ ಅತ್ತೆ."

"ಯಾವ ಕಡೆಯಿಂದ?"

ಅಷ್ಟು ದೂರದಿಂದ ಅದು ಸಿಸ್ಟರಕ್ಕನಿಗೂ ಕಾಣುತ್ತಿರಲಿಲ್ಲ. "ಆಚೆ ಕಡೆಯಿಂದ," ಎಂದಳು.

ಅತ್ತೆ ಹಣೆಗೆ ಕೈ ಅಡ್ಡ ಹಿಡಿದು ಆಚೆ ದಡವನ್ನು ನೋಡಿದರು. ಆಮೇಲೆ ನಿಧಾನಕ್ಕೆ ನೀರಿನ ಮೇಲೆ ದೃಷ್ಟಿ ಸರಿಸುತ್ತ, ಹೊಳೆಯ ನಡುವೆ ಒಂದಿಷ್ಟು ಹೊತ್ತು ನಿಲ್ಲಿಸಿ, ಈಚೆ ದಡ ಮುಟ್ಟುವವರೆಗೂ ನೋಡಿದರು.