ಹೊಡೆದುಹಾಕಿದ ಸಾಲು

ಆ ಚಳಿಗಾಲವಿಡೀ ತಬಿತಾಳ ಬಲಗೈಯ ಎರಡು ಬೆರಳು ವಾಸಿಯಾಗಲಿಲ್ಲ. ಮೇಣ ಹಚ್ಚಿದ ದಾರ ಎಳೆದೆಳೆದು ಸೀಳು ಬಿಟ್ಟಿದ್ದವು. ಮ್ಯಾಸಚೂಸೆಟ್ಸ್ ಕಡಲ ದಂಡೆಯ ಆ ಊರಿಗೆಲ್ಲ ಒಂದೇ ಕಸುಬು, ಶೂ. ಅಡುಗೆಮನೆಯಲ್ಲಿ ಹೆಂಗಸರು ಮೇಲಿನ ಚರ್ಮ ಹೊಲಿದುಕೊಡಬೇಕು, ಹಿತ್ತಿಲ ಶೆಡ್ಡಿನಲ್ಲಿ ಗಂಡಸರು ಅದರ ಅಡಿಗೆ ಅಟ್ಟೆ ಬಡಿಯಬೇಕು. ಇಬ್ಬರ ಕೂಲಿಯನ್ನೂ ಯಜಮಾನರು ಇಳಿಸಿದಾಗ, 1860ರ ಮಾರ್ಚಿನಲ್ಲಿ, ಮುಷ್ಕರ ಶುರುವಾಯಿತು.

ತಬಿತಾಳ ಗಂಡ ಸೈಲಾಸ್ ಮುಷ್ಕರದ ಸಮಿತಿಯಲ್ಲಿದ್ದ. ಮೆರವಣಿಗೆಯ ಹಿಂದಿನ ದಿನ ಒಲೆಯ ಮುಂದೆ ಕೂತು ಹೇಳಿದ:

"ನಾಳೆ ಹೆಂಗಸ್ರು ಮುಂದೆ ನಡೀರಿ. ನಿಮ್ಮ ಮೇಲೆ ಪೊಲೀಸ್ನೋರು ಕೈ ಎತ್ತಲ್ಲ. ನಿಮ್ಮ ಹೊಲಿಗೆ ಕೂಲೀನೂ ನಮ್ಮ ಬೇಡಿಕೆ ಕಾಗದದಲ್ಲೇ ಬರೀತೀವಿ."

"ಆಮೇಲೆ ಮಾತು ತಪ್ಪಲ್ಲ ತಾನೆ?"

"ಬೈಬಲ್ ತಾ, ಮುಟ್ಟಿ ಹೇಳ್ತೀನಿ."

ತಬಿತಾ ನಕ್ಕಳು, ತರಲಿಲ್ಲ. ಏಳು ವರ್ಷ ಜೊತೆಗೆ ಬಾಳಿದ ಗಂಡನಿಂದ ಯಾರಾದರೂ ಆಣೆ ಹಾಕಿಸುತ್ತಾರೆಯೇ?

ಮರುದಿನ ಮೊಣಕಾಲುದ್ದ ಹಿಮದಲ್ಲಿ ಹೆಂಗಸರೇ ಮುಂದೆ ನಡೆದರು. ಪಕ್ಕದ ಮನೆಯ ವಿಧವೆ ಲವೀನಾ ಚಿಕ್ಕಮ್ಮ ಕೆಮ್ಮುತ್ತಲೇ ಬಾವುಟ ಹಿಡಿದಿದ್ದಳು. ಲಾಠಿ ಹಿಡಿದು ನಿಂತಿದ್ದ ಪೊಲೀಸರು ದಾರಿ ಬಿಟ್ಟರು. ಹೆಂಗಸರ ಹಿಂದೆ ಗಂಡಸರು ನಿರಾತಂಕವಾಗಿ ಬಂದರು.

ಆರು ವಾರದ ಮೇಲೆ ರಾಜಿಯಾಯಿತು. ಸಭೆಯೊಳಗೆ ಹೆಂಗಸರನ್ನು ಬಿಡಲಿಲ್ಲ. ಒಪ್ಪಂದದ ಕಾಗದವನ್ನು ಬಾಗಿಲಿಗೆ ಅಂಟಿಸಿದಾಗ ತಬಿತಾ ಹತ್ತಿರ ಹೋಗಿ ಓದಿದಳು. ಹೊಲಿಗೆ ಕೂಲಿಯ ಸಾಲಿನ ಮೇಲೆ ಶಾಯಿಯ ಗೀಟು. ಪಕ್ಕದಲ್ಲಿ ಸೈಲಾಸನ ಸಹಿ. ಸಭೆಯಿಂದ ಹೊರಬಂದ ಅವನತ್ತ ತಿರುಗಿದಳು.

"ಇದು ನಿನ್ನ ಕೈಬರಹ."

"ಅದೊಂದು ಬಿಟ್ರೆ ಮಿಕ್ಕಿದ್ದು ಒಪ್ತೀವಿ ಅಂದ್ರು ಯಜಮಾನ್ರು. ನನಗೆ ಬಂದ್ರೆ ನಿನಗೆ ಬಂದ ಹಾಗೇ ಅಲ್ವೇನೆ?"

"ಲವೀನಾ ಚಿಕ್ಕಮ್ಮಂಗೆ ಯಾವ ಗಂಡ ತಂದುಕೊಡ್ತಾನೆ?"

"ಬೀದೀಲಿ ಮರ್ಯಾದೆ ತೆಗೀಬೇಡ. ಮನೆಗೆ ನಡಿ."

ಯಜಮಾನರು ಮೋಸಗಾರರೆಂಬುದು ಊರಿಗೇ ಗೊತ್ತಿತ್ತು. ಅವರ ಮೇಲೆ ತಬಿತಾಳಿಗೆ ಬರೀ ಸಿಟ್ಟು. ಆದರೆ ಈಗ ಕತ್ತು ಕೊಯ್ದವನು ತನ್ನ ಜೊತೆ ಒಂದೇ ಮೇಜಿನಲ್ಲಿ ಉಂಡವನು. ಲಾಠಿಗೆ ಹೆದರದವಳು ದಾರಿಯುದ್ದಕ್ಕೂ ಅತ್ತಳು.

ಸೋಮವಾರ ಗಾಡಿಯವನು ಮನೆಮನೆಗೆ ಚರ್ಮ ಇಳಿಸಿ ಹೋದ. ಮಧ್ಯಾಹ್ನದವರೆಗೂ ಶೆಡ್ಡಿನಲ್ಲಿ ಕೈಕಟ್ಟಿ ಕೂತು ಸಾಕಾದ ಸೈಲಾಸ್ ಅಡುಗೆಮನೆಗೆ ಬಂದ. ಚರ್ಮದ ಕಟ್ಟು ಬಿಚ್ಚದೆ ಹಾಗೇ ಬಿದ್ದಿತ್ತು.

"ಇನ್ನೂ ಹೊಲ್ದಿಲ್ವಾ? ಅಟ್ಟೆ ಯಾವುದಕ್ಕೆ ಬಡೀಲಿ?"

"ಆ ಒಪ್ಪಂದದಲ್ಲಿ ನಾವಿಲ್ವಲ್ಲ. ನಮ್ಮ ಮುಷ್ಕರ ಇನ್ನೂ ಮುಗಿದಿಲ್ಲ."

ಸೈಲಾಸ್ ಕಿಟಕಿಯಾಚೆ ನೋಡಿದ. ಎದುರು ಮನೆಯವನೂ ಬರಿಗೈಲಿ ಬಾಗಿಲಲ್ಲಿ ನಿಂತಿದ್ದ. ಇಡೀ ಓಣಿಯಲ್ಲಿ ಒಂದು ಸುತ್ತಿಗೆಯ ಸದ್ದೂ ಇರಲಿಲ್ಲ.

"ತಬೀ, ನಾನು ನಿನ್ನ ಗಂಡ ಕಣೇ."

"ಗೀಟು ಎಳೆಯೋವಾಗ ಯಾರಾಗಿದ್ದೆ?"

ತಬಿತಾ ಶಾಲು ಹೊದ್ದು ಹೊಸ್ತಿಲು ದಾಟಿದಳು.

"ಹೆಂಗಸ್ರೆಲ್ಲಾ ಚಿಕ್ಕಮ್ಮನ ಮನೇಲಿ ಸೇರ್ತಿದೀವಿ. ಈ ಸಲ ನಮ್ಮ ಕಾಗದ ನಾವೇ ಬರೀತೀವಿ. ಒಲೆ ಮೇಲೆ ಆಲೂಗಡ್ಡೆ ಇದೆ, ಬೆಂದ ಮೇಲೆ ಇಳಿಸ್ಕೋ."