ಹತ್ತಿಗೆ ಹತ್ತಿದ ಅಕ್ಷರ

ಮಗಳು ಕೆಲಸದ ಮೇಜಿನ ಕೆಳಗೆ ಮಂಡಿಯೂರಿ ಅಪ್ಪನ ಕನ್ನಡಕ ತಡಕುತ್ತಿದ್ದಳು. ಕನ್ನಡಕವಿಲ್ಲದೆ ಕಳಿಸಿದರೆ ಯಾರದೋ ಮುಖದಂತೆ ಕಾಣುತ್ತದೆಂದು ಅಮ್ಮ ಹಟ ಹಿಡಿದಿದ್ದಳು. ಹೊರಗೆ ಶವದ ಗಾಡಿ ಬಂದು ನಿಂತಿತ್ತು. ಕೈಗೆ ಸಿಕ್ಕಿದ್ದು ಕನ್ನಡಕವಲ್ಲ, ಅರ್ಧ ಬಳಸಿದ, ಎಲೆಕ್ಟ್ರಾನಿಕ್ ಚಿಪ್ಪುಗಳ ಪಟ್ಟಿಯ ಸುರುಳಿ. ಅಪ್ಪ ಪರೀಕ್ಷಿಸಿ ಒಪ್ಪಿದ ಸುರುಳಿಯ ಮೇಲೆ ಹಸಿರು ಗೀಟು ಎಳೆಯುತ್ತಿದ್ದ. ಇದರ ಮೇಲೆ ಗೀಟಿರಲಿಲ್ಲ.

ನಡುಮನೆಯಲ್ಲಿ ಬಂದವರು ಅವನನ್ನೇ ನೆನೆಯುತ್ತಿದ್ದರು.

"ನಮ್ಮ ರೇಡಿಯೊ ಬಿಚ್ಚಲೇ ಇಲ್ಲ ಪುಣ್ಯಾತ್ಮ. ಮೂಸಿ ನೋಡಿ, ಇದರ ಕಥೆ ಮುಗೀತು ಅಂದ," ಎಂದರು ಪಕ್ಕದ ಮನೆಯ ದರ್ಜಿ.

"ಊಟಕ್ಕೆ ಕರೆದ್ರೆ, ಬಡಿಸೋ ಮುಂಚೆ ನಮ್ಮ ಫ್ಯಾನ್ ಬಿಚ್ಚಿ ಹರಡಿರ್ತಿದ್ದ," ಎಂದಳು ಅತ್ತೆ, ಅಳುತ್ತಲೇ ನಕ್ಕು.

ಮಗಳಿಗೆ ನಗು ಬರಲಿಲ್ಲ. ಚಿಕ್ಕಪ್ಪನನ್ನು ಒಳಗೆ ಕರೆದಳು. ದಿನ ತುಂಬದೆ ಹುಟ್ಟಿದ ಕೂಸುಗಳನ್ನು ಬೆಚ್ಚಗಿಡುವ ಪೆಟ್ಟಿಗೆ ಈ ಮನೆಯ ಕಸುಬು. ಅಪ್ಪ ರೂಪಿಸುತ್ತಿದ್ದ, ಚಿಕ್ಕಪ್ಪ ಸಾಮಾನು ತರುತ್ತಿದ್ದ, ಇವಳು ಬೆಸುಗೆ ಹಾಕುತ್ತಿದ್ದಳು.

"ಇದನ್ನ ಅಪ್ಪ ನೋಡಿದ್ನಾ?"

"ಮಾಮೂಲಿ ಅಂಗಡೀಲಿ ಇರಲಿಲ್ಲ ಅಂತ ಬೇರೆ ಕಡೆ ತಂದೆ. ಅಷ್ಟೊತ್ತಿಗೆ ಅಣ್ಣ ಹಾಸಿಗೆ ಹಿಡಿದಿದ್ದ. ನೀನು ನೋಡಿರ್ತೀಯ ಅಂದ್ಕೊಂಡೆ."

"ನೀವು ನೋಡಿರ್ತೀರ ಅಂತ ನಾನು."

ಅವಳು ಹತ್ತಿಗೂ ಸೀಸೆಗೂ ಕೈ ಚಾಚಿದಳು.

*

ಅವಳ ಉಗುರುಬಣ್ಣ ಅಳಿಸುವ ಸೀಸೆಯನ್ನು ಅಪ್ಪ ಮೊದಲ ಸಲ ಕದ್ದಾಗ ಮನೆಯಲ್ಲಿ ದೊಡ್ಡ ರಂಪವಾಗಿತ್ತು. ಅಪ್ಪ ಹತ್ತಿ ಅದ್ದಿ ಚಿಪ್ಪಿನ ಮೇಲೆ ಉಜ್ಜಿ ತೋರಿಸಿದ್ದ.

"ಹಳೇದಕ್ಕೆ ಮಸಿ ಬಳಿದು ಹೊಸ ಹೆಸರು ಬರೆದು ಮಾರ್ತಾರೆ ಮಗಳೇ. ಅಸಲಿ ಅಕ್ಷರ ಕೊರೆದಿರೋದು, ಹತ್ತಿಗೆ ಹತ್ತಲ್ಲ."

"ಇಷ್ಟಕ್ಕೆ ಯಾಕಪ್ಪ ಅಷ್ಟು ಹೆದರ್ತೀಯ?"

"ಹೆದರಲೇಬೇಕು. ಎಲ್ಲ ದಿನ ಪೆಟ್ಟಿಗೆ ಸರಿಯಾಗೇ ನಡೆಯುತ್ತೆ. ಶಾಖ ಮಿತಿ ಮೀರಿದ ದಿನ ಕರೆಂಟ್ ಕಡಿಯೋದು ಈ ಚಿಪ್ಪೊಂದೇ. ಒಳಗಿರೋದು ಸೆಕೆ ಅಂತ ಹೇಳೋಕೂ ಬರದ ಕೂಸು."

*

ಈಗ ಸುರುಳಿಯ ಚಿಪ್ಪಿಗೆ ಉಜ್ಜಿದ ಹತ್ತಿ ಕಪ್ಪಾಯಿತು. ಚಿಪ್ಪಿನ ಮೇಲಿನ ಹೆಸರು ಅಳಿಸಿ, ಅಡಿಯಿಂದ ಬೇರೆಯದೇ ಹೆಸರು ಇಣುಕಿತು.

ಆ ಸುರುಳಿಯಿಂದ ಮಾಡಿದ ಪೆಟ್ಟಿಗೆಗಳಲ್ಲಿ ಒಂದೇ ಹೊರಗೆ ಹೋಗಿತ್ತು, ಹಿಂದಿನ ಬೀದಿಯ ಹೆರಿಗೆ ಆಸ್ಪತ್ರೆಗೆ. ಅವಳು ಫೋನ್ ಮಾಡಿದಳು. ರಿಂಗಾಗುತ್ತಲೇ ಇತ್ತು, ಯಾರೂ ಎತ್ತಲಿಲ್ಲ.

"ಇಲ್ಲಿಯದು ಮುಗಿಸಿ ಹೋಗೋಣ ಕಣಮ್ಮ," ಎಂದ ಚಿಕ್ಕಪ್ಪ. "ಇವತ್ತೇ ಬಾಯಿಬಿಟ್ರೆ ಅಣ್ಣನ ಹೆಸರು ಮಣ್ಣುಪಾಲು."

"ಅಲ್ಲೀವರೆಗೆ ಆ ಕೂಸು?"

ಅಷ್ಟರಲ್ಲಿ ಅಮ್ಮ ಬಾಗಿಲಿಗೆ ಬಂದಳು.

"ಎತ್ತುತ್ತಿದ್ದಾರೆ, ಬಾರೇ."

"ಅಮ್ಮ, ನಾನು ಬರೋಕಾಗಲ್ಲ."

ಅಮ್ಮ ಅವಳ ಕೈಯಲ್ಲಿದ್ದ ಹತ್ತಿ ನೋಡಿದಳು. ಕಪ್ಪಾದ ಹತ್ತಿಯ ಅರ್ಥವನ್ನು ಆ ಮನೆಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿರಲಿಲ್ಲ.

"ಓಡು," ಎಂದಳು.

ಅವಳು ಬರಿಗಾಲಲ್ಲೇ ಓಡಿದಳು. ಅಪ್ಪನಿಗಾಗಿ ಅಳಲು ಕೂಡ ಭಯ ಬಿಡಲಿಲ್ಲ. ತಡವಾಗಿರಬಾರದು, ತಡವಾಗಿರಬಾರದು ಎಂಬುದೊಂದೇ ತಲೆಯಲ್ಲಿತ್ತು.

ವಾರ್ಡಿನಲ್ಲಿ ನರ್ಸ್ ಇರಲಿಲ್ಲ. ಪಕ್ಕದ ಕೋಣೆಯಿಂದ ಹೆರಿಗೆಯ ಕೂಗು ಕೇಳುತ್ತಿತ್ತು. ಯಾರೋ ಪೆಟ್ಟಿಗೆಯನ್ನು ಕಿಟಕಿಯ ಬಳಿಗೆ ಸರಿಸಿದ್ದರು. ಗಾಜಿನ ಮೇಲೆ ಬಿಸಿಲು ನೇರವಾಗಿ ಬೀಳುತ್ತಿತ್ತು. ಶಾಖಮಾಪಕದ ಮುಳ್ಳು ಕೆಂಪು ಗೆರೆ ದಾಟಿತ್ತು, ಆದರೂ ಶಾಖದ ದೀಪ ಉರಿಯುತ್ತಲೇ ಇತ್ತು. ಒಳಗೆ ಕೂಸು ಕೆಂಪಗಾಗಿ, ಬಾಯಿ ತೆರೆದುಕೊಂಡು ಸುಮ್ಮನೆ ಮಲಗಿತ್ತು.

ಅವಳು ತಂತಿ ಕಿತ್ತು, ಮುಚ್ಚಳ ತೆಗೆದು, ಕೂಸನ್ನು ಎತ್ತಿದಳು.

"ಯಾರಮ್ಮ ನೀನು? ನನ್ನ ಮಗು ಯಾಕೆ ತೆಗೀತೀಯ?" ಎಂದು ಮಂಚದಿಂದ ಬಾಣಂತಿ ಏಳಲು ಹವಣಿಸಿದಳು.

"ಎದೆ ಮೇಲೆ ಹಾಕ್ಕೊಳ್ಳಿ. ಬಟ್ಟೆ ಬಿಚ್ಚಿ. ಪೆಟ್ಟಿಗೆ ಕೆಟ್ಟಿದೆ."

ಕೂಸು ಅಲುಗಲಿಲ್ಲ. ಅವಳು ಅದರ ಹಾಸುಬಟ್ಟೆಯನ್ನು ಮಡಚಿ ಗಾಳಿ ಹಾಕತೊಡಗಿದಳು. ಬಹಳ ಹೊತ್ತಾದಂತೆನಿಸಿದ ಮೇಲೆ ಕೂಸು ಒಮ್ಮೆ ಬಿಕ್ಕಿತು, ಆಮೇಲೆ ಕ್ಷೀಣವಾಗಿ ಅತ್ತಿತು.

"ಈ ಪೆಟ್ಟಿಗೆ ಮಾಡಿದವರು ಇಲ್ಲೇ ಹತ್ತಿರದಲ್ಲಿದ್ದಾರಂತೆ," ಎಂದಳು ಬಾಣಂತಿ, ಅಳುತ್ತಾ. "ತುಂಬಾ ಜಾಗ್ರತೆಯ ಮನುಷ್ಯ ಅಂತ ಸಿಸ್ಟರ್ ಹೇಳ್ತಿದ್ರು. ಅವರನ್ನೇ ಕರೆಸಮ್ಮ."

ಕಿಟಕಿಯಾಚೆ ಬೀದಿಯಲ್ಲಿ ಅಪ್ಪನನ್ನು ಹೊತ್ತ ಗಾಡಿ ನಿಧಾನವಾಗಿ ಹಾದುಹೋಗುತ್ತಿತ್ತು. ಹಿಂದೆ ಅಮ್ಮ ನಡೆಯುತ್ತಿದ್ದಳು. ಮಗಳು ತಲೆ ಎತ್ತಲಿಲ್ಲ. ಕೂಸಿನ ಬೆನ್ನಿಗೆ ಗಾಳಿ ಹಾಕುತ್ತಲೇ ಇದ್ದಳು.