ಏಳು ಪಾಯಿಂಟ್ ಮೂವತ್ತಾರು

ಸಿಡಿಮದ್ದು ಅಂತ ಅವನಿಗೆ ಹೆಸರಿಟ್ಟವರು ಮೂರನೇ ಮಹಡಿಯ ನರ್ಸುಗಳು. ಎಂಟನೇ ಕ್ಲಾಸಿಗೇ ಪುಸ್ತಕದ ಚೀಲ ಬಿಸಾಡಿದವನು. ರಕ್ತ ತುಂಬಿದ ಸಿರಿಂಜನ್ನು ವಾರ್ಡಿನಿಂದ ಕೆಳಗಿನ ಮಹಡಿಯ ಮೆಷಿನ್ನಿಗೆ ಒಯ್ಯುವುದು ಅವನ ಕೆಲಸ, ಅಷ್ಟೇ. ಆ ಅಷ್ಟೇ ಕೆಲಸವನ್ನು ಒಂಬತ್ತು ವರ್ಷದಿಂದ ಯಾರೂ ಬೆರಳು ತೋರಿಸದ ಹಾಗೆ ಮಾಡಿದ್ದ. ಸಿರಿಂಜಿನಲ್ಲಿ ಸಾಸಿವೆಯಷ್ಟು ಗಾಳಿಗುಳ್ಳೆ ಕಂಡರೂ ಅಲ್ಲೇ ನಿಂತು ಜಗಳ ತೆಗೆಯುತ್ತಿದ್ದ. ಗಾಳಿ ಸೇರಿದ ರಕ್ತ ಸುಳ್ಳು ಹೇಳುತ್ತದೆ. ಒಳಗಿನ ಕೆಟ್ಟ ಗಾಳಿ ಗುಳ್ಳೆಗೆ ಸೋರಿ, ಹುಳಿಯಾಗುತ್ತಿರುವ ರಕ್ತವೂ ಮೆಷಿನ್ನಿಗೆ ಚೆನ್ನಾಗಿರುವಂತೆ ಕಾಣುತ್ತದೆ.

“ರಕ್ತ ತೆಗೀತೀರೋ, ಸೋಡಾ ಮಾಡ್ತೀರೋ?” ಎಂದು ದೊಡ್ಡ ನರ್ಸನ್ನೇ ಕೇಳಿದ್ದ.

“ಬಾಯಿಗೆ ಬೀಗ ಹಾಕ್ಕೊಂಡು ನಡಿ, ಸಿಡಿಮದ್ದೇ,” ಎಂದಿದ್ದರು ಅವರು. ಆದರೆ ಅಂದಿನಿಂದ ಅವರ ಸಿರಿಂಜಿನಲ್ಲಿ ಗುಳ್ಳೆ ಕಂಡಿರಲಿಲ್ಲ.

ಈಗ ಅದೇ ವಾರ್ಡಿನ ಕಿಟಕಿ ಪಕ್ಕದ ಹಾಸಿಗೆಯಲ್ಲಿ ಅವನ ಅಕ್ಕ. ಅಮ್ಮ ಹೋದ ಮೇಲೆ ಎತ್ತಿ ಆಡಿಸಿದವಳು, ಬೈದವಳು, ಉಣಿಸಿದವಳು. ಹತ್ತಿ ಗಿರಣಿಯ ಧೂಳು ಕುಡಿದೂ ಕುಡಿದೂ ಅವಳ ಶ್ವಾಸಕೋಶ ಸೋತಿತ್ತು. ಮೂರು ದಿನ ವರಾಂಡದ ನೆಲದಲ್ಲಿ ಮಲಗಿಸಿದ್ದರು. ಅವನು ಕಂಡಕಂಡವರ ಕಾಲು ಹಿಡಿದ, ಆಮೇಲೆ ಕಂಡಕಂಡವರ ಮೇಲೆ ಹರಿಹಾಯ್ದ. ಎರಡರಿಂದಲೂ ಏನೂ ಗಿಟ್ಟಲಿಲ್ಲ. ಕೊನೆಗೆ ಹಾಸಿಗೆ ಕೊಡಿಸಿದ್ದು ಹೊಸ ಸೆನ್ಸರು ತಂದಿದ್ದ ಕನ್ನಡಕದ ಇಂಜಿನಿಯರು. ಅಕ್ಕಿಕಾಳಿನಷ್ಟು ಸೆನ್ಸರನ್ನು ಅವಳ ಮಣಿಕಟ್ಟಿನ ರಕ್ತನಾಳದೊಳಗೆ ಇಟ್ಟು ಪರೀಕ್ಷೆ ಮಾಡಬೇಕಿತ್ತು. ರಕ್ತದ ಹುಳಿ ಎಷ್ಟು ಅಂತ ಅದು ನಿಮಿಷ ನಿಮಿಷಕ್ಕೂ ಹಾಸಿಗೆ ಪಕ್ಕದ ಪುಟ್ಟ ಪರದೆಗೆ ಹೇಳುತ್ತದೆ. ಅಂಕಿ ಇಳಿದರೆ ಹುಳಿ ಏರಿತು ಅಂತ. ಅದು ನಿಜ ಹೇಳುತ್ತಿದೆಯೇ ಅಂತ ನೋಡಲು ಎರಡು ಗಂಟೆಗೊಮ್ಮೆ ಸಿರಿಂಜಿನಲ್ಲಿ ರಕ್ತ ತೆಗೆದು ತಾಳೆ ಹಾಕುವುದು.

“ಮೈ ಅದರ ಮೇಲೆ ಪೊರೆ ಕಟ್ಟಿಬಿಟ್ರೆ ಕಷ್ಟ,” ಎಂದಿದ್ದ ಇಂಜಿನಿಯರು. “ಹಳೇ ಅಂಕೀನೇ ಹಿಡ್ಕೊಂಡು ಕೂತುಬಿಡುತ್ತೆ.”

“ನಮ್ಮ ತಮ್ಮನ ಜಾತಿ,” ಎಂದು ಅಕ್ಕ ಏದುಸಿರಿನ ನಡುವೆಯೇ ನಕ್ಕಿದ್ದಳು.

“ಮೂರು ಸಲ ತಾಳೆ ಆಗ್ಲಿಲ್ಲ ಅಂದ್ರೆ ತೆಗೆದುಬಿಡ್ತೀವಿ.”

“ಹಾಸಿಗೆ?” ಎಂದು ಇವನು ಕೇಳಿದ.

“ಹಾಸಿಗೆ ಪರೀಕ್ಷೇದಪ್ಪ.”

ಸೆನ್ಸರು ಇಟ್ಟ ನಾಲ್ಕನೇ ದಿನ ಮಧ್ಯಾಹ್ನ ಪರದೆ ಏಳು ಪಾಯಿಂಟ್ ಮೂವತ್ತಾರು ಅಂದಿತು, ಮೆಷಿನ್ನು ಇಪ್ಪತ್ತೊಂಬತ್ತು ಅಂದಿತು. ಒಂದು. ಮುಂದಿನ ಸಲ ಪರದೆ ಮೂವತ್ತಾರು, ಮೆಷಿನ್ನು ಇಪ್ಪತ್ತೆಂಟು. ಎರಡು.

ಮೂರನೇ ಸಿರಿಂಜು ಹಿಡಿದು ಅವನು ಮೆಟ್ಟಿಲ ತಿರುವಿನಲ್ಲಿ ನಿಂತ. ವರಾಂಡದಲ್ಲಿ ಅಕ್ಕ ಮಲಗಿದ್ದ ಜಾಗದಲ್ಲಿ ಈಗ ಬೇರೊಬ್ಬ ಮುದುಕ ಮಲಗಿದ್ದ, ಅವನ ಕಾಲು ದಾಟಿಕೊಂಡು ಜನ ಓಡಾಡುತ್ತಿದ್ದರು. ಈ ಮೆಷಿನ್ನು ಎಷ್ಟು ಸಲ ಸುಳ್ಳು ಹೇಳಿಲ್ಲ? ಹೊಸ ಸೆನ್ಸರು, ದೊಡ್ಡ ದೊಡ್ಡವರು ಮಾಡಿದ್ದು. ಅದು ಚೆನ್ನಾಗಿದ್ದಾಳೆ ಅನ್ನುತ್ತಿದೆ. ಅದೇ ನಿಜ ಇರಬೇಕು. ಇರಲೇಬೇಕು.

ಮುಚ್ಚಳ ತೆಗೆದು ಒಂದಿಷ್ಟು ಗಾಳಿ ಎಳೆದ. ಚೆನ್ನಾಗಿ ಕುಲುಕಿದ. ಗಾಳಿ ಹೊರಗೆ ತಳ್ಳಿ ಮತ್ತೆ ಮುಚ್ಚಿದ. ಒಂಬತ್ತು ವರ್ಷ ಯಾವುದಕ್ಕಾಗಿ ಜಗಳ ಆಡಿದ್ದನೋ ಅದನ್ನೇ ಮಾಡಿದ.

ಮೆಷಿನ್ನು ಮೂವತ್ತೈದು ಅಂದಿತು. “ಬಂತಲ್ಲ ದಾರಿಗೆ,” ಎಂದ ಇಂಜಿನಿಯರು.

ಅದೂ ಸೇರಿ ಹನ್ನೊಂದು ಸಲ ತಾಳೆಯಾಯಿತು. ಇವನ ಪಾಳಿ ಮುಗಿದರೂ ಮನೆಗೆ ಹೋಗಲಿಲ್ಲ. ಒಂದೊಂದು ಸಲಕ್ಕೂ ಸ್ವಲ್ಪ ಹೆಚ್ಚು ಗಾಳಿ ಬೇಕಾಗುತ್ತಿತ್ತು. ಯಾಕೆ ಅಂತ ಯೋಚಿಸುವುದನ್ನು ಬಿಟ್ಟಿದ್ದ. ಮಾರನೆಯ ಬೆಳಿಗ್ಗೆ ಅಕ್ಕ ತಲೆ ಸಿಡಿಯುತ್ತಿದೆ ಅಂದಳು. ಕೈ ಬೆಚ್ಚಗಿತ್ತು, ಮುಖ ಕೆಂಪೇರಿತ್ತು. ಊಟದ ಹೊತ್ತಿಗೆ ಹಾಗೇ ಜೋಂಪು ಹತ್ತಿತು.

“ಎಷ್ಟು ದಿನಕ್ಕೆ ಕಣ್ಣು ಮುಚ್ಚಿದ್ದಾಳೆ ಪುಣ್ಯಾತ್ಗಿತ್ತಿ,” ಎಂದು ಚಾದರ ಎಳೆದು ಹೊದಿಸಿದ. “ಎಬ್ಬಿಸಬೇಡಿ ಸಿಸ್ಟರ್.”

ದೊಡ್ಡ ನರ್ಸು ಪರದೆ ನೋಡಿದರು, ಮೂವತ್ತಾರು. ಎಬ್ಬಿಸಲಿಲ್ಲ.

ಮೂರು ಗಂಟೆಗೆ ರೌಂಡ್ಸಿಗೆ ಬಂದ ಡಾಕ್ಟರಮ್ಮ ಎಬ್ಬಿಸಿದರು. ಅವಳು ಏಳಲಿಲ್ಲ. ಎದೆಮೂಳೆಯ ಮೇಲೆ ಗೆಣ್ಣಿನಿಂದ ಒತ್ತಿದರು. ಮುಖದ ಗೆರೆಯೂ ಅಲುಗಲಿಲ್ಲ. “ರಕ್ತ ತೆಗೀರಿ, ಬೇಗ,” ಎಂದರು. ಆ ಸಿರಿಂಜನ್ನು ಅವನು ಮುಟ್ಟಿದ್ದು ಒಯ್ಯುವುದಕ್ಕೆ ಮಾತ್ರ. ಮೆಷಿನ್ನು ಚೀಟಿ ಉಗುಳಿತು: ಏಳು ಪಾಯಿಂಟ್ ಸೊನ್ನೆ ಎರಡು. ಅವನು ಮೆಟ್ಟಿಲು ಹತ್ತಿ ಬರುವಷ್ಟರಲ್ಲಿ ಹಾಸಿಗೆಯ ಸುತ್ತ ಜನ ಮುತ್ತಿದ್ದರು. ಅರ್ಧ ಗಂಟೆ ಎದೆ ಒತ್ತಿದರು. ಆಮೇಲೆ ಕೈ ಚೆಲ್ಲಿದರು.

“ಒಂದು ಗಂಟೆಗೂ ತಾಳೆ ಆಗಿದೆ,” ಡಾಕ್ಟರಮ್ಮ ಕಾಗದ ತಿರುವಿಹಾಕಿದರು. “ಹನ್ನೊಂದು ಸಲ ಆಗಿದೆ. ಹೇಗೆ?”

“ನಮ್ಮ ಸೆನ್ಸರ್ ಒಂದೇ ತಪ್ಪಿದ್ರೆ ಸಿರಿಂಜಿನಲ್ಲಿ ಗೊತ್ತಾಗ್ತಿತ್ತಲ್ಲ,” ಎಂದ ಇಂಜಿನಿಯರು.

ದೊಡ್ಡ ನರ್ಸಿನ ಮುಖ ಬೂದಿಯಾಗಿತ್ತು. ತಮ್ಮ ಬೆರಳುಗಳನ್ನೇ ನೋಡಿಕೊಳ್ಳುತ್ತಿದ್ದರು. “ನಾನೇ ಇರ್ಬೇಕು ಮೇಡಂ. ಕಣ್ಣು ಮಂಜು ಈಗೀಗ. ಗಾಳಿ ಉಳಿಸಿಬಿಟ್ಟೆನೇನೋ.” ಆಮೇಲೆ ಅವನ ಕಡೆ ತಿರುಗಿದರು. “ನೀನಾದ್ರೂ ಬೈಬಾರದಿತ್ತೇನಪ್ಪಾ? ಯಾವಾಗ್ಲೂ ಬೈತಿದ್ದೆಯಲ್ಲ.”

ಇಷ್ಟು ವರ್ಷ ಅವನ ಸಿಟ್ಟಿಗೆ ಯಾರಾದರೊಬ್ಬರು ಸಿಗುತ್ತಿದ್ದರು. ಈಗ ಹುಡುಕಿದ. ಯಾರೂ ಸಿಗಲಿಲ್ಲ.

“ನಿಮ್ಮ ಸಿರಿಂಜಲ್ಲಿ ಗಾಳಿ ಇರ್ಲಿಲ್ಲ ಸಿಸ್ಟರ್,” ಎಂದ. ಧ್ವನಿ ಅವನದಲ್ಲ ಎಂಬಷ್ಟು ಸಣ್ಣದಾಗಿತ್ತು. “ಮೆಟ್ಟಿಲ ಹತ್ರ ನಾನೇ ಎಳೀತಿದ್ದೆ. ಹನ್ನೊಂದು ಸಲಾನೂ.”

ಸೆನ್ಸರನ್ನು ಇನ್ನೂ ತೆಗೆದಿರಲಿಲ್ಲ. ತಣ್ಣಗಾಗುತ್ತಿದ್ದ ಕೈಯ ಪಕ್ಕದ ಪರದೆಯಲ್ಲಿ ಏಳು ಪಾಯಿಂಟ್ ಮೂವತ್ತಾರು ಹಾಗೇ ಹಸಿರಾಗಿ ಉರಿಯುತ್ತಿತ್ತು.